ಬೋರ್ಡು ಕೊಪ್ಪಳದ್ದು, ಪ್ರೊಸೆಸರ್ ಗಂಗಾವತಿಯದು

ನಮ್ಮ ಕುಷ್ಟಗಿ ಕಡೆ ದೊಡ್ಡ ವಸ್ತು ಕೊಳ್ಳುವವರು ಒಬ್ಬರೇ ಪೇಟೆಗೆ ಹೋಗುವುದಿಲ್ಲ. ಎತ್ತಿರಲಿ, ಹಳೆಯ ಟ್ರಾಕ್ಟರ್ ಇರಲಿ, ಬೋರಿಗೆ ಇಳಿಸುವ ಮೋಟಾರಿರಲಿ, ಮಾತು ಬಲ್ಲವನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಬಹಳ ವರ್ಷ ಆ ಮಾತು ಬಲ್ಲವನು ನಾನಾಗಿದ್ದೆ. ಹರಿದ ಗೋಣಿಚೀಲ ಕೊಂಡು, ಹೊಲಿಸಿ ಮಾರುವುದರಿಂದ ಶುರು ಮಾಡಿದವನು ನಾನು. ಆಮೇಲೆ ಹಳೆಯ ಪೈಪು, ಹಳೆಯ ಪಂಪ್‌ಸೆಟ್ಟು, ಕೊನೆಗೆ ಹಳೆಯ ಟ್ರಾಕ್ಟರ್. ಕಲಿಸಿದವರು ಯಾರೂ ಇಲ್ಲ. ಮೋಸ ಮಾಡಿದವರನ್ನೇ ಗುರುಗಳು ಅಂದುಕೊಂಡರೆ ನನಗೆ ಗುರುಗಳು ಊರಿಗೊಬ್ಬರು ಇದ್ದಾರೆ.

ಈ ಕೆಲಸದಲ್ಲಿ ಒಂದು ವಿಚಿತ್ರವಿದೆ. ಹೋಗುವಾಗ ಜೀಪಿನಲ್ಲಿ ಮುಂದಿನ ಸೀಟು ನಿಮ್ಮದೇ. ದಾರಿಯಲ್ಲಿ ಚಹಾ, ಮಿರ್ಚಿ, ಮಾತು, ನಗೆ. ವ್ಯಾಪಾರ ಕುದುರಿದ ಮೇಲೆ ನಿಮ್ಮಂಥವರು ಇಲ್ಲ ಅನ್ನುತ್ತಾರೆ. ಆಮೇಲೆ ಕೊಂಡದ್ದು ಅವರ ಮನೆಗೆ ಹೋಗುತ್ತದೆ, ನಿಮ್ಮನ್ನು ನಿಮ್ಮ ಮನೆಯ ಗೇಟಿನ ಮುಂದೆ ಇಳಿಸುತ್ತಾರೆ. ಆ ವಸ್ತುವಿಗೆ ಅರಿಶಿನ ಕುಂಕುಮ ಹಚ್ಚುವಾಗ, ಕಾಯಿ ಒಡೆಯುವಾಗ, ಮಕ್ಕಳು ಅದರ ಸುತ್ತ ಕುಣಿಯುವಾಗ ನೀವು ಅಲ್ಲಿರುವುದಿಲ್ಲ. ನನ್ನ ಹೆಂಡತಿ ಇದ್ದಾಗ ಇದು ನನಗೆ ತೋರುತ್ತಿರಲಿಲ್ಲ. ಗೇಟಿನ ಸದ್ದಾದ ಕೂಡಲೇ ಅವಳು, "ಎಷ್ಟಕ್ಕ ಮುರದಿ ವ್ಯಾಪಾರ?" ಎಂದು ಒಳಗಿನಿಂದಲೇ ಕೇಳುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಎಷ್ಟಕ್ಕೆ ಮುರಿದೆ ಎಂದು ಕೇಳುವವರು ಉಳಿಯಲಿಲ್ಲ. ಈಗಂತೂ ಜನ ಎಲ್ಲ ರೇಟನ್ನು ಫೋನಿನಲ್ಲೇ ನೋಡಿಕೊಳ್ಳುತ್ತಾರೆ. ಕರೆಯಲು ಬರುವವರೂ ಕಡಿಮೆಯಾದರು.

ನನ್ನ ಅಣ್ಣನ ಮನೆ ಯಲಬುರ್ಗಾ ಹತ್ತಿರದ ಹಳ್ಳಿಯಲ್ಲಿದೆ. ಅವನ ಮಗಳು ಪಿಯುಸಿ ಓದಲು ಬಂದು ಎರಡು ವರ್ಷ ನಮ್ಮ ಮನೆಯಲ್ಲಿದ್ದಳು. ನಮಗೆ ಮಕ್ಕಳಿಲ್ಲ. ಆ ಎರಡು ವರ್ಷ ನಮ್ಮ ಮನೆಯಲ್ಲಿ ಫ್ಯಾನು ಯಾರು ಆರಿಸಲಿಲ್ಲ, ಬಾಗಿಲು ಯಾರು ಹಾಕಲಿಲ್ಲ ಎಂಬ ಜಗಳ ಇತ್ತು. ಜಗಳವಿರುವ ಮನೆ ಎಷ್ಟು ತುಂಬಿರುತ್ತದೆ ಎಂದು ಅದು ನಿಂತ ಮೇಲೆ ಗೊತ್ತಾಗುತ್ತದೆ. ಮುಂದೆ ಅವಳು ಕೊಪ್ಪಳಕ್ಕೆ ಡಿಗ್ರಿಗೆ ಹೋದಳು. ಓದು ಮುಗಿದ ಮೇಲೆ ಅಲ್ಲೇ ಒಂದು ಅಂಗಡಿಯಲ್ಲಿ ಮದುವೆ ಆಲ್ಬಮ್ ಮಾಡುವ ಕೆಲಸಕ್ಕೆ ಸೇರಿದಳು. ಫೋಟೋಗ್ರಾಫರುಗಳು ಪೆನ್‌ಡ್ರೈವಿನಲ್ಲಿ ಫೋಟೋ ತಂದುಕೊಡುತ್ತಾರೆ. ಅವನ್ನು ಆರಿಸಿ, ಬಣ್ಣ ತಿದ್ದಿ, ಪುಟಗಳಾಗಿ ಕೂಡಿಸುವುದು ಅವಳ ಕೆಲಸ.

ಒಂದು ಸಲ ಫೋನಿನಲ್ಲಿ ಅವಳು ಬೇಜಾರು ಮಾಡಿಕೊಂಡು ಹೇಳಿದಳು: "ಮಷೀನು ಮಾಲಕರದು ಕಾಕಾ. ಅವರು ಬೀಗ ತೆಗದ್ರ ನಮಗ ಕೆಲಸ, ಹಾಕಿದ್ರ ಇಲ್ಲ. ಸ್ವಂತದ್ದೊಂದು ಕಂಪ್ಯೂಟರ್ ಇದ್ರ ಎಲ್ಲಿ ಕುಂತಾದ್ರೂ ಮಾಡಬಹುದು."

ಎಲ್ಲಿ ಕೂತಾದರೂ ಮಾಡಬಹುದಾದರೆ ನಮ್ಮ ಮಾಳಿಗೆಯ ಕೋಣೆಯಲ್ಲಿ ಕೂತೂ ಮಾಡಬಹುದು ಎಂದು ನಾನು ಲೆಕ್ಕ ಹಾಕಿದೆ. ಬಾಡಿಗೆ ಇಲ್ಲ, ಮಾಲಕನಿಲ್ಲ, ಗಾಳಿ ಬೆಳಕು ಚೆನ್ನಾಗಿದೆ. ಅವಳು ಬಂದು ಇದ್ದರೆ ಮನೆಯಲ್ಲಿ ಎರಡು ತಾಟು ತೊಳೆಯುವ ಸದ್ದಾಗುತ್ತದೆ. ನನಗೆ ಬೇಕಾಗಿದ್ದದ್ದು ಅಷ್ಟೇ. ಅದನ್ನು ನೇರವಾಗಿ ಫೋನಿನಲ್ಲಿ ಕೇಳಬಹುದಿತ್ತು. ಆದರೆ ಬೇಕು ಎಂದು ಮೊದಲು ಬಾಯಿ ಬಿಟ್ಟವನು ಸೋತ ಎಂಬುದು ನಾನು ಬದುಕಿದ ಸೂತ್ರ. ಮೊದಲು ಕಂಪ್ಯೂಟರಿನ ಸಾಮಾನು ತರೋಣ, ಕೋಣೆ ಸಜ್ಜು ಮಾಡೋಣ, ಜೋಡಿಸಿಕೊಡು ಬಾ ಎಂದು ಕರೆಯೋಣ, ಬಂದು ನೋಡಿದರೆ "ಇಲ್ಲೇ ಇರ್ತೀನಿ ಕಾಕಾ" ಎಂದು ಅವಳ ಬಾಯಿಂದಲೇ ಬರಲಿ ಎಂದುಕೊಂಡೆ.

ಅಂದಿನಿಂದ ಊಟವಾದ ಮೇಲೆ ಫೋನಿನಲ್ಲಿ ವಿಡಿಯೋ ನೋಡುವುದೇ ಕೆಲಸವಾಯಿತು. ಖಾನಾವಳಿಯಿಂದ ಬಂದು, ಬಾಗಿಲು ಹಾಕಿಕೊಂಡು, ಪಾಠ ಓದುವವನಂತೆ ಕೂರುತ್ತಿದ್ದೆ. ಪ್ರೊಸೆಸರ್ ಎಂದರೆ ಕಂಪ್ಯೂಟರಿನ ತಲೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ರೇಟು ಮಾತ್ರ ಆಕಾಶದ್ದು. ಮದರ್‌ಬೋರ್ಡು ಎಂದರೆ ಆ ತಲೆ ಕೂರುವ ಮೈ. ಉಳಿದ ಸಾಮಾನೆಲ್ಲ ಅದಕ್ಕೇ ಸಿಕ್ಕಿಕೊಳ್ಳುತ್ತದೆ. ಪ್ರೊಸೆಸರ್ ಮಾಡುವ ದೊಡ್ಡ ಕಂಪನಿಗಳು ಎರಡು. ನಮ್ಮ ಜನ ಟ್ರಾಕ್ಟರಿನ ಬಣ್ಣ ಹಿಡಿದು ಜಗಳ ಆಡುವಂತೆ ಆ ವಿಡಿಯೋಗಳ ಕೆಳಗೆ ಹುಡುಗರು ಕಂಪನಿ ಹಿಡಿದು ಜಗಳ ಆಡುತ್ತಿರುತ್ತಾರೆ. ನನಗೆ ಅದು ಹಿಡಿಸಿತು. ಯಾವುದರಲ್ಲಿ ಕೋರ್ ಎಷ್ಟು, ಯಾವುದು ಹಿಂದಿನ ವರ್ಷದ ಮಾಲು, ಯಾವುದರ ರೇಟು ಇಳಿಯುತ್ತದೆ ಎಂದೆಲ್ಲ ಬಾಯಿಪಾಠ ಮಾಡಿದೆ. ಸಾಮಾನು ಜೋಡಿಸುವುದನ್ನು ತೋರಿಸುವ ವಿಡಿಯೋಗಳನ್ನು ಮಾತ್ರ ದಾಟಿಸಿ ಮುಂದೆ ಹೋದೆ. ಜೋಡಿಸುವುದು ಅವಳ ಕೆಲಸವಲ್ಲವೇ. ಯಾವ ಕಂಪನಿಯ ಬಲ್ಬಾದರೂ ಹೋಲ್ಡರಿಗೆ ಕೂರುವಂತೆ ಇದೂ ಕೂರುತ್ತದೆ ಎಂದು ನಂಬಿದ್ದೆ.

ಇನ್ನು ದನದ ಸಂತೆಯ ಒಂದು ಪಾಠ ಹೇಳಬೇಕು, ಯಾಕೆಂದರೆ ನಾನು ಎಡವಿದ್ದು ಅದರಿಂದ. ಎತ್ತುಗಳನ್ನು ಜೋಡಿಯಾಗಿ ಮಾರುವವನು ಒಳ್ಳೆಯ ಎತ್ತಿನ ಪಕ್ಕ ಸೊರಗಿದ ಎತ್ತನ್ನು ನಿಲ್ಲಿಸಿರುತ್ತಾನೆ. ಜೋಡಿಯ ರೇಟಿನಲ್ಲಿ ಸೊರಗಿದ್ದೂ ಸಾಗಿಹೋಗುತ್ತದೆ. ಆದ್ದರಿಂದ ಬಲ್ಲವರು ಜೋಡಿ ಒಡೆದು ಕೇಳುತ್ತಾರೆ. ಇದಕ್ಕೆಷ್ಟು, ಅದಕ್ಕೆಷ್ಟು. ರೇಟನ್ನೂ ಟವಲಿನ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. ಪಕ್ಕದಲ್ಲಿ ನಿಂತವನಿಗೂ ನೀವು ಏನು ಕೊಂಡಿರಿ, ಎಷ್ಟಕ್ಕೆ ಕೊಂಡಿರಿ ಎಂದು ತಿಳಿಯಬಾರದು. ಒಂದು ಸಂತೆಯಲ್ಲಿ ಒಂದು ಎತ್ತು, ಇನ್ನೊಂದು ಸಂತೆಯಲ್ಲಿ ಇನ್ನೊಂದು ಕೊಂಡು ಜೋಡಿ ಮಾಡಿದವನೇ ಗೆದ್ದವನು. ನಾನು ಹಾಗೆ ಎಷ್ಟೋ ಜನರಿಗೆ ಗೆಲ್ಲಿಸಿಕೊಟ್ಟಿದ್ದೇನೆ.

ಮೊದಲು ಗಂಗಾವತಿಗೆ ಹೋದೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇತ್ತು. ಬೇರೆಯವರ ಸಾಮಾನಿಗೆ ಮುಂದಿನ ಸೀಟಿನಲ್ಲಿ ಕೂತು ಹೋಗುತ್ತಿದ್ದವನು ನನ್ನ ಸಾಮಾನಿಗೆ ಒಬ್ಬನೇ ಹೊರಟಿದ್ದೇನೆ ಎಂಬುದು ಕನಕಗಿರಿ ದಾಟಿದ ಮೇಲೆ ಹೊಳೆಯಿತು. ಇಳಿದು ಬಿಡೋಣವೇ ಅನ್ನಿಸಿತು. ಇಳಿಯಲಿಲ್ಲ.

ಅಂಗಡಿಯವನು ಮೂವತ್ತರ ಆಸುಪಾಸಿನವನು. ನಾನು ಮೊದಲು ಮೌಸಿನ ರೇಟು ಕೇಳಿದೆ, ಆಮೇಲೆ ಕೀಬೋರ್ಡಿನದು. ಬೇಡದ ವಸ್ತುವಿನ ರೇಟು ಮೊದಲು ಕೇಳಿದರೆ ಅಂಗಡಿಯವನ ಅಳತೆ ಸಿಗುತ್ತದೆ. ಕೊನೆಗೆ, ಹೊರಡುವವನಂತೆ ಎದ್ದು, ಪ್ರೊಸೆಸರಿನ ಮಾತು ತೆಗೆದೆ.

"ಬೋರ್ಡು, ರ್ಯಾಮು ಎಲ್ಲಾ ಕೂಡಿ ತಗೋರಿ ಅಣ್ಣಾರ," ಎಂದ ಅವನು. "ಸೆಟ್ಟಿನ ರೇಟ್ ಹಾಕಿ ಕೊಡ್ತೀನಿ."

"ಸೆಟ್ಟಿನ್ಯಾಗ ಎಲ್ಲಿ ಇಳಸ್ತೀರಿ, ಎಲ್ಲಿ ಏರಸ್ತೀರಿ ನಮಗೇನ್ ತಿಳೀತೈತ್ರಿ? ಒಂದೊಂದ ಮಾತಾಡೋಣ."

ಅವನು ನಕ್ಕ. "ನೀವು ದನದ ಸಂತಿ ಮಂದಿ ಅದೀರಿ."

"ಹೆಂಗ್ ತಿಳೀತು?"

"ನಮ್ಮಪ್ಪ ಮರಳಿ ಊರಿನ ಸಂತ್ಯಾಗ ಹಿಂಗ ಮಾತಾಡ್ತಾನ್ರಿ. ಸೊಸಿ ನೋಡಾಕ ಹೋದಾಗೂ ಹಿಂಗ ಮಾತಾಡಿ ಬೈಸ್ಕೊಂಡಾನ."

ನಾನು ಸುಮ್ಮನೆ ಕೂತೆ. ವ್ಯಾಪಾರದಲ್ಲಿ ಮೌನದಷ್ಟು ಅಗ್ಗದ ಆಯುಧ ಇನ್ನೊಂದಿಲ್ಲ. ಗಿರಾಕಿ ಸುಮ್ಮನೆ ಕೂತರೆ ಅಂಗಡಿಯವನಿಗೆ ಮೈ ಕಡಿಯುತ್ತದೆ, ಅವನೇ ಇಳಿಯುತ್ತಾನೆ. ಇವನೂ ಇಳಿದ. ಸೀಲ್ ಇದ್ದ ಪ್ರೊಸೆಸರ್ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಬಂದೆ. ಒಳ್ಳೆಯ ರೇಟು. ಆದರೆ ಗೇಟು ತೆಗೆದು ಒಳಗೆ ಹೋದಾಗ ಯಾರೂ ಕೇಳಲಿಲ್ಲ. ಡಬ್ಬಿಯನ್ನು ಟಿವಿಯ ಪಕ್ಕ ಇಟ್ಟು, ಕೈಕಾಲು ತೊಳೆದುಕೊಂಡು, ಎಷ್ಟಕ್ಕೆ ಮುರಿದೆ ಎಂದು ನಾನೇ ಗಟ್ಟಿಯಾಗಿ ಹೇಳಿದೆ. ಖಾಲಿ ಮನೆಯಲ್ಲಿ ಸ್ವಂತ ದನಿ ಕೇಳಿದವರಿಗೆ ಅದು ಹೇಗಿರುತ್ತದೆ ಎಂದು ಗೊತ್ತು.

ಮುಂದಿನ ವಾರ ಬೋರ್ಡಿಗಾಗಿ ಕೊಪ್ಪಳಕ್ಕೆ ಹೋದೆ. ಅಲ್ಲಿಯ ಅಂಗಡಿಯವನು ನನ್ನ ವಯಸ್ಸಿನವನೇ, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮಾತಾಡುವವನು. ಬೋರ್ಡು ಬೇಕು ಎಂದ ಕೂಡಲೇ ಕೇಳಿದ: "ಪ್ರೊಸೆಸರ್ ಯಾವ್ದು ಐತ್ರಿ ಸಾವ್ಕಾರ್ರ?"

ನನ್ನ ಒಳಗಿನ ಗಂಟೆ ಹೊಡೆದುಕೊಂಡಿತು. ನನ್ನ ಹತ್ತಿರ ಏನಿದೆ ಎಂದು ತಿಳಿದರೆ ನನ್ನ ಗರಜು, ನನಗೆ ಎಷ್ಟು ಬೇಕಾಗಿದೆ ಎಂಬುದು, ಅವನಿಗೆ ತಿಳಿದಂತೆ.

"ಅದು ನಮ್ಮದು ನಾವು ನೋಡ್ಕೋತೀವಿ," ಎಂದೆ. "ನೀವು ಬೋರ್ಡಿನ ರೇಟ್ ಹೇಳ್ರಿ."

"ಹಂಗಲ್ರಿ. ಯಾವ ಕಂಪನೀದು, ಯಾವ ಜನರೇಶನ್ನು ಅಂತ…"

"ಛಲೋದು ಐತಿ."

"ಛಲೋದು ಅಂದ್ರ?"

"ನೀವು ಇಲ್ಲಿ ಮಾರಾಕ ಇಟ್ಟಿದ್ದಕ್ಕಿಂತ ಛಲೋದು."

ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳು ನಕ್ಕರು. ಅವನಿಗೆ ಸಿಟ್ಟು ಬಂತು. ಕನ್ನಡಕ ಇಳಿಸಿಕೊಂಡು ಮೂರು ಬೋರ್ಡುಗಳ ಡಬ್ಬಿ ತಂದು ಮುಂದಿಟ್ಟ. ನಾನು ನಡುವಿನದನ್ನು ಹಿಡಿದು ಜಗ್ಗಿದೆ.

"ಇದಕ್ಕಿಂತ ಕಮ್ಮಿ ಆಗಂಗಿಲ್ರಿ," ಎಂದ ಅವನು. "ಮತ್ತ ಸೀಲ್ ಒಡದ ಮ್ಯಾಲ ವಾಪಸ್ ತಗೊಳ್ಳಂಗಿಲ್ಲ ನೋಡ್ರಿ."

"ಸೀಲ್ ಒಡೀದಿದ್ರೂ ನಾ ವಾಪಸ್ ತರಂಗಿಲ್ಲ. ಮಾತು ಕೊಡ್ತೀನಿ. ಆ ಮಾತಿಗೆ ಏನ್ ಇಳಸ್ತೀರಿ ಹೇಳ್ರಿ."

ವಾಪಸ್ ತರುವುದಿಲ್ಲ ಎಂಬ ಮಾತನ್ನೇ ಮಾರಿದ ಗಿರಾಕಿಯನ್ನು ಅವನು ಮೊದಲು ನೋಡಿರಲಿಲ್ಲ ಎಂದು ಕಾಣುತ್ತದೆ. ಸ್ವಲ್ಪ ಇಳಿಸಿದ. ಆ ಹೊತ್ತಿಗೆ ನನಗೆ ಬಹಳ ಸಂತೋಷವಾಗಿತ್ತು.

ಅವಳು ಕೆಲಸ ಮಾಡುವ ಅಂಗಡಿ ಅಲ್ಲಿಂದ ಎರಡು ಓಣಿ ಆಚೆ. ರಸ್ತೆಯ ಈ ಬದಿ ನಿಂತು ನೋಡಿದೆ. ಗಾಜಿನ ಒಳಗೆ, ಕೂದಲಿಗೆ ಕ್ಲಿಪ್ಪು ಹಾಕಿ, ರಸ್ತೆಗೆ ಬೆನ್ನು ಮಾಡಿ ಕೂತಿದ್ದಳು. ಅವಳ ಮುಂದಿನ ಪರದೆಯ ಮೇಲೆ ಯಾರದೋ ಮದುವೆಯ ಮಂದಿ, ಪಂಕ್ತಿಯಲ್ಲಿ ಕೂತು ಊಟ ಮಾಡುವವರು. ಒಳಗೆ ಹೋಗಿ "ಊಟ ಆತೇನವ್ವ" ಎಂದು ಕೇಳಿದ್ದರೆ ಏನೂ ಕೆಡುತ್ತಿರಲಿಲ್ಲ. ಚೀಲದಲ್ಲಿರುವುದೇನು ಎಂದು ಕೇಳಿಬಿಟ್ಟರೆ ಎಂದು ಹೆದರಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದೆ.

ಮನೆಗೆ ಬಂದು ಎರಡೂ ಡಬ್ಬಿ ಒಡೆದೆ. ಕೈಯಿಂದ ಮುಟ್ಟಿ ನೋಡದೆ ಯಾವ ಸಾಮಾನನ್ನೂ ನಾನು ಮನೆಯಲ್ಲಿ ಇಟ್ಟವನಲ್ಲ. ಪ್ರೊಸೆಸರನ್ನು ಹೊರಳಿಸಿದರೆ ಹೊಟ್ಟೆಯ ತುಂಬ ಸಣ್ಣ ಸಣ್ಣ ಪಿನ್ನು, ಎಳೆಯ ಗೋಧಿ ತೆನೆಯ ಮುಳ್ಳಿನಂತೆ. ಬೋರ್ಡಿನಲ್ಲಿ ಅದು ಕೂರುವ ಜಾಗದ ಪ್ಲಾಸ್ಟಿಕ್ ಮುಚ್ಚಳ ತೆಗೆದೆ. ಅಲ್ಲಿ ರಂಧ್ರಗಳಿರಬೇಕು ಎಂದುಕೊಂಡಿದ್ದೆ. ಅಲ್ಲಿಯೂ ಪಿನ್ನು. ಇದಕ್ಕೂ ಮುಳ್ಳು, ಅದಕ್ಕೂ ಮುಳ್ಳು. ಒಂದರ ಮೇಲೊಂದನ್ನು ಮುಟ್ಟಿಸದೆ ಹಿಡಿದು ಎಷ್ಟೋ ಹೊತ್ತು ನೋಡಿದೆ. ಬಾಗಿಲ ಹೊರಗೆ ಸಂಜೆಯ ದನ ಮನೆಗೆ ಹೋಗುತ್ತಿದ್ದವು. ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಪೇಟೆಯಲ್ಲಿ ಇಬ್ಬರನ್ನು ಮಣಿಸಿ ಬಂದವನಿಗೆ ಇದನ್ನು ತೋರಿಸಿ "ಏನಾತು ನೋಡು" ಅನ್ನಲು ಒಂದು ಜೀವ ಇರಲಿಲ್ಲ.

ಕೊನೆಗೆ ಅವಳಿಗೇ ಫೋನು ಮಾಡಿದೆ.

"ಯವ್ವಾ, ಒಂದು ಮಾತು. ಪ್ರೊಸೆಸರಿಗೂ ಮುಳ್ಳಿರ್ತಾವ, ಬೋರ್ಡಿಗೂ ಮುಳ್ಳಿರ್ತಾವ?"

"ಯಾವುದಾರ ಒಂದಕ್ಕ ಇರ್ತಾವ ಕಾಕಾ. ಎರಡಕ್ಕೂ ಇದ್ರ ಹೆಂಗ ಕುಂದರ್ತಾವ? ಯಾಕ ಕೇಳಿದಿ?"

"ಸುಮ್ನ."

"ಸುಮ್ನ ಕೇಳಾಕ ನೀ ರೊಕ್ಕ ಹಾಕಿ ಫೋನ್ ಮಾಡಾವಲ್ಲ. ಫೋಟೋ ಹೊಡದು ಕಳಸು."

ಕಳಿಸಿದೆ. ತಿರುಗಿ ಫೋನು ಮಾಡಿದಾಗ ಅವಳಿಗೆ ನಗೆ ತಡೆಯಲಾಗುತ್ತಿರಲಿಲ್ಲ. "ಒಂದು ಎತ್ತು, ಒಂದು ಎಮ್ಮಿ ತಂದು ನೊಗಕ್ಕ ಹೂಡಾಕ ನಿಂತೀದಿ ಕಾಕಾ. ಎರಡೂ ಬ್ಯಾರೆ ಬ್ಯಾರೆ ಕಂಪನೀವು. ಜಲ್ಮದಾಗ ಕೂಡಂಗಿಲ್ಲ ಇವು. ಅಂಗಡ್ಯಾಂವ ಕೇಳಲಿಲ್ಲೇನು?"

"ಕೇಳಿದ. ನಾ ಹೇಳಲಿಲ್ಲ."

"ಯಾಕ?"

ಯಾಕೆ ಎಂದು ಅವಳಿಗೆ ಹೇಗೆ ಹೇಳುವುದು.

"ಯಾರಿಗಿ ಇದು?"

"ಒಬ್ರು ಕೇಳ್ಯಾರ."

"ಏನ್ ಕೆಲಸಕ್ಕಂತ ಅವ್ರಿಗೆ? ಕೆಲಸ ಗೊತ್ತಿಲ್ದ ನಾ ಯಾವ ಬೋರ್ಡ್ ಅಂತ ಹೇಳ್ಲಿ?"

"ಆಲ್ಬಮ್ ಮಾಡಾಕ."

ಆ ಕಡೆ ನಗೆ ನಿಂತಿತು. ತಗ್ಗಿದ ದನಿಯಲ್ಲಿ, "ಕಾಕಾ, ನನ್ನ ಸಲುವಾಗಿ ತಂದಿಯೇನು?" ಎಂದಳು.

"ಯಾವ ಬೋರ್ಡ್ ಅಂತ ಮೊದಲ ಹೇಳು," ಎಂದೆ.

ಅವಳು ಹೇಳಿದಳು. ಪ್ರೊಸೆಸರ್ ಚೆನ್ನಾಗಿದೆ, ಅದು ಇರಲಿ, ಬೋರ್ಡು ಬದಲಿಸಬೇಕು. ಆಲ್ಬಮ್ಮಿನ ಫೈಲು ಭಾರ, ರ್ಯಾಮು ಸಿಕ್ಕಿಸುವ ಜಾಗ ನಾಲ್ಕು ಇದ್ದ ಬೋರ್ಡು ಬೇಕು. ಈಗ ಎರಡು ತುಂಬಿದರೆ ಮುಂದೆ ಕೈಯಲ್ಲಿ ದುಡ್ಡು ಆಡಿದಾಗ ಇನ್ನೆರಡು. ಬಣ್ಣದ ದೀಪ ಮಿಣುಕುವ ಬೋರ್ಡು ಬೇಡ, ಆ ದೀಪಕ್ಕೂ ರೇಟು ಹಿಡಿದಿರುತ್ತಾರೆ. ಪವರ್ ಸಪ್ಲೈ ಮಾತ್ರ ಅಗ್ಗದ್ದು ತರಬಾರದು, ನಮ್ಮ ಕಡೆ ಕರೆಂಟು ಹೋಗಿ ಬರುವುದಕ್ಕೆ ಅದು ಸುಟ್ಟರೆ ಉಳಿದದ್ದನ್ನೂ ಸುಡುತ್ತದೆ. ಇಷ್ಟೆಲ್ಲ ಅವಳಿಗೆ ಮೊದಲೇ ಗೊತ್ತಿತ್ತು. ಎಷ್ಟೋ ದಿನದಿಂದ ಮನಸ್ಸಿನಲ್ಲೇ ಈ ಮಷೀನನ್ನು ಅವಳು ಕಟ್ಟಿಕೊಂಡು ಕೂತಿದ್ದಳು. ನಾನು ಒಂದು ಮಾತು ಕೇಳಿರಲಿಲ್ಲ.

ಅವಳ ರಜೆಯ ದಿನ ಇಬ್ಬರೂ ಅದೇ ಕೊಪ್ಪಳದ ಅಂಗಡಿಗೆ ಹೋದೆವು. ವಾಪಸ್ ತರುವುದಿಲ್ಲ ಎಂದು ಮಾತು ಮಾರಿದವನು ಚೀಲ ಹಿಡಿದು ಮೆಟ್ಟಿಲು ಹತ್ತುವುದನ್ನು ನೋಡಿ ಅಂಗಡಿಯವನು ಕನ್ನಡಕವನ್ನು ಹಣೆಗೆ ಏರಿಸಿದ. ನಾನು ಬಾಯಿ ತೆಗೆಯುವ ಮೊದಲೇ ಅವಳು ಎಲ್ಲ ಹೇಳಿಬಿಟ್ಟಳು. ಪ್ರೊಸೆಸರ್ ಯಾವುದು, ಎಲ್ಲಿಯದು, ಎಷ್ಟಕ್ಕೆ ಬಂತು, ಏನು ಕೆಲಸ, ಯಾವ ಬೋರ್ಡು ಬೇಕು, ಇವತ್ತೇ ಬೇಕು. ಕೊನೆಯ ಮಾತಿಗೆ ನಾನು ಅವಳ ಕಾಲು ತುಳಿದೆ.

"ಯಾಕ ಕಾಕಾ ಕಾಲ್ ತುಳೀತಿ?" ಎಂದು ಅವಳು ಎಲ್ಲರ ಮುಂದೆ ಕೇಳಿದಳು.

ಅಂಗಡಿಯವನು ನಕ್ಕ. "ತುಳೀಲಿ ಬಿಡವ್ವ. ಅವತ್ತು ನಾ ಕೇಳಿದ್ದಕ್ಕ ಇವ್ರು ಇಷ್ಟು ಹೇಳಿದ್ರ ಇವತ್ತಿನ ಬಸ್ ಚಾರ್ಜ್ ಉಳೀತಿತ್ತು." ಹಳೆಯ ಬೋರ್ಡಿನ ಪಿನ್ನುಗಳನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ, ಒಂದೂ ಬಾಗಿಲ್ಲ ಎಂದು, ಡಬ್ಬಿ ಒಡೆದದ್ದಕ್ಕೆ ಸ್ವಲ್ಪ ಮುರಿದುಕೊಂಡು ಬದಲಿ ಕೊಟ್ಟ. ನಾನು ಎಷ್ಟು ಜಗ್ಗಿದ್ದರೂ ಅದಕ್ಕಿಂತ ಇಳಿಯುತ್ತಿರಲಿಲ್ಲ. ರ್ಯಾಮು, ಪವರ್ ಸಪ್ಲೈ, ಕ್ಯಾಬಿನೆಟ್ಟು, ಮಾನಿಟರು ಎಲ್ಲ ಅವನ ಹತ್ತಿರವೇ ಕೊಂಡೆವು.

ಓದುವವರಲ್ಲಿ ಯಾರಾದರೂ ಮನೆಗೆ ಕಂಪ್ಯೂಟರ್ ಕಟ್ಟಿಸುವವರಿದ್ದರೆ ಕೇಳಿ. ಪ್ರೊಸೆಸರು, ಬೋರ್ಡು ಬೇರೆ ಬೇರೆ ಅಂಗಡಿಯಲ್ಲಿ ಕೊಂಡರೂ ಪರವಾಗಿಲ್ಲ, ಆದರೆ ಒಂದರ ಹೆಸರನ್ನು ಇನ್ನೊಂದು ಅಂಗಡಿಯಲ್ಲಿ ಹೇಳಿ. ಏನು ಕೆಲಸಕ್ಕೆ ಎಂಬುದನ್ನೂ ಹೇಳಿ. ಬೋರ್ಡಿನ ಪಿನ್ನುಗಳನ್ನು ಅಂಗಡಿಯಲ್ಲೇ ನೋಡಿಕೊಳ್ಳಿ. ಬಿಲ್ಲು ಬಿಡಬೇಡಿ, ವಾರಂಟಿ ಅದರ ಮೇಲಿರುತ್ತದೆ. ಇನ್ನು, ಯಾರ ಸಲುವಾಗಿ ಕಟ್ಟಿಸುತ್ತೀರೋ ಅವರನ್ನು ಮೊದಲು ಕೇಳಿ.

ಭಾನುವಾರ ಅವಳು ಕುಷ್ಟಗಿಗೆ ಬಂದಳು. ಮಾಳಿಗೆಯ ಕೋಣೆಗೆ ಸುಣ್ಣ ಹೊಡೆಸಿದ್ದೆ. ಕಿಟಕಿಯ ಪಕ್ಕ ಮೇಜು, ಹೊಸ ಪ್ಲಗ್ ಪಾಯಿಂಟು, ಕುರ್ಚಿಗೆ ದಿಂಬು. ಗೋಡೆಯನ್ನು ಬೆರಳಿಂದ ಸವರಿ, ಅಂಟಿದ ಸುಣ್ಣವನ್ನು ನೋಡಿದಳು. ಆಮೇಲೆ ನೆಲಕ್ಕೆ ಚಾಪೆ ಹಾಸಿ, ಸಾಮಾನು ಹರಡಿ ಕೂತಳು. ನಾನು ಎದುರಿಗೆ ಕೂತು ಕೇಳಿದ್ದನ್ನು ಕೊಟ್ಟೆ. ಪ್ರೊಸೆಸರಿನ ಮೂಲೆಯಲ್ಲಿ ಒಂದು ಸಣ್ಣ ತ್ರಿಕೋನದ ಗುರುತಿದೆ, ಬೋರ್ಡಿನ ಮೂಲೆಯಲ್ಲೂ ಇದೆ. ಎರಡನ್ನೂ ಒಂದೇ ದಿಕ್ಕಿಗೆ ಹಿಡಿದು ಬಿಟ್ಟಳು. ಒತ್ತಲಿಲ್ಲ, ಜಗ್ಗಲಿಲ್ಲ. ತನ್ನ ಭಾರಕ್ಕೆ ತಾನೇ ಕೂತಿತು. ಮೇಲೆ ಪೇಸ್ಟು ಹಚ್ಚಿ ಫ್ಯಾನು ಬಿಗಿದಳು. ಗುಂಡಿ ಒತ್ತಿದಳು, ಪರದೆ ಬೆಳಗಿತು. ಊದಿನಕಡ್ಡಿ ಹಚ್ಚಿ, ಕುಂಕುಮ ತಂದು ಡಬ್ಬಕ್ಕೆ ಹಚ್ಚಿದ್ದು ಅವಳೇ.

"ಚಿಗವ್ವ ಇದ್ದಿದ್ರ ಕಾಯಿ ಒಡಸ್ತಿದ್ಳು," ಎಂದಳು.

"ಹೂಂ."

ಮಧ್ಯಾಹ್ನ ಅವಳೇ ಜುಣಕ ಮಾಡಿದಳು, ರೊಟ್ಟಿ ಹೊರಗಿನಿಂದ ತಂದೆ. ಊಟ ಮಾಡುತ್ತ ನಾನು ನೆಟ್ಟಿನ ಮಾತು ತೆಗೆದೆ, ಮಾಳಿಗೆಗೂ ಬರುತ್ತದೆ ಎಂದು. ಆಮೇಲೆ ಯುಪಿಎಸ್ಸಿನ ಮಾತು. ಆಮೇಲೆ, ಕೋಣೆಗೆ ಬೇರೆ ಕೀಲಿ ಇದೆ, ಯಾವಾಗ ಬೇಕಾದರೂ ಬರಬಹುದು ಎಂದು. ಅವಳು ತಲೆ ಎತ್ತಲಿಲ್ಲ. ನಾನು ಸುಮ್ಮನೆ ಕೂತೆ. ಮೌನಕ್ಕೆ ಅವಳು ಇಳಿಯಲಿಲ್ಲ. ರೊಟ್ಟಿ ಮುರಿದು ತಿನ್ನುತ್ತಿದ್ದಳು.

ಕೊನೆಗೆ ನಾನೇ ಕೇಳಿದೆ. "ಇಲ್ಲೇ ಇರ್ತಿಯೇನವ್ವ?"

ಅವಳ ಕಣ್ಣಲ್ಲಿ ನೀರು ಬಂತು. ಅಷ್ಟು ಹೊತ್ತು ಅವಳು ಈ ಮಾತಿಗೇ ಹೆದರಿ ಕೂತಿದ್ದಳು ಎಂದು ಆಗ ತಿಳಿಯಿತು.

"ಗಂಗಾವತಿಯಾಗ ರೂಮ್ ಹಿಡದೀವಿ ಕಾಕಾ, ನಾನು, ನನ್ನ ಗೆಳತಿ. ಅಡ್ವಾನ್ಸ್ ಕೊಟ್ಟೀವಿ. ಅಲ್ಲಿ ಕಾಲುವಿ ನೀರಾವರಿ ಮಂದಿ, ರೊಕ್ಕ ಐತಿ, ಮದುವಿ ಅಂದ್ರ ದಪ್ಪ ದಪ್ಪ ಆಲ್ಬಮ್ಮು, ಕೆಲಸ ಅಲ್ಲಿ ಐತಿ. ಫೋಟೋಗ್ರಾಫರು ಪೆನ್‌ಡ್ರೈವ್ ಹಿಡಕೊಂಡು ಇಲ್ಲಿತನಕ ಬರಂಗಿಲ್ಲ."

"ನೆಟ್ಟಿನ್ಯಾಗ ಕಳಸ್ತಾರಲ್ಲ."

"ಎದುರಿಗೆ ಕುಂತು ಆರಸ್ತಾರ ಕಾಕಾ. ಈ ಅತ್ತಿ ಫೋಟೋ ತೆಗಿ, ಆ ಸೊಸಿ ಫೋಟೋ ದೊಡ್ಡದು ಮಾಡು ಅಂತಾರ."

"ಬಾಡಿಗಿ ಉಳೀತೈತಿ. ಊಟ ಉಳೀತೈತಿ. ಬೇಕಾರ ವಾರದಾಗ ಎರಡು ದಿನ ಗಂಗಾವತಿಗೆ ನಾನ ಕರಕೊಂಡು ಹೋಗ್ತೀನಿ."

"ವ್ಯಾಪಾರ ಮಾಡಬ್ಯಾಡ ಕಾಕಾ," ಎಂದಳು, ಬೇಸರದಿಂದಲ್ಲ. "ಇಲ್ಲಿ ಬಂದ್ರ ನಾ ಮತ್ತ ಪಿಯುಸಿ ಹುಡುಗಿ ಆಗ್ತೀನಿ. ಚಿಗವ್ವ ಇಲ್ಲ. ನೀ ದಿನಾ ಬಾಗಲದಾಗ ಕುಂತು ನನ್ನ ಹಾದಿ ಕಾಯ್ತಿ. ನನಗ ಅದು ತಡಕೊಳ್ಳಾಕ ಆಗಂಗಿಲ್ಲ."

ತಾಟು ಎತ್ತಿಕೊಂಡು ಹೋಗಿ ತೊಳೆದೆ. ಎರಡು ತಾಟು.

ಕಂಪ್ಯೂಟರನ್ನು ಇಲ್ಲೇ ಬಿಟ್ಟು ಹೋಗುತ್ತೇನೆ ಎಂದು ಅವಳು ಹಟ ಹಿಡಿದಳು. ಇಟ್ಟುಕೊಂಡು ನಾನೇನು ಮಾಡಲಿ, ಗೋಣಿಚೀಲ ಎಣಿಸಲೇ ಎಂದೆ. ಹಾಗಾದರೆ ತಿಂಗಳು ತಿಂಗಳು ಕೊಟ್ಟು ತೀರಿಸುತ್ತೇನೆ ಎಂದಳು. ಆ ಮಾತನ್ನು ಎರಡನೇ ಸಲ ಆಡಬೇಡ ಎಂದೆ. ಅವಳೇ ಬಿಚ್ಚಿದಳು, ನಾನು ಹಳೆಯ ರಗ್ಗಿನಲ್ಲಿ ಕ್ಯಾಬಿನೆಟ್ಟನ್ನು ಸುತ್ತಿ, ಮಾನಿಟರನ್ನು ಅದರ ಡಬ್ಬಿಯಲ್ಲೇ ಇಟ್ಟು, ಸೆಣಬಿನ ಹುರಿಯಿಂದ ಬಿಗಿದೆ. ಸಾಮಾನು ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರು ಈ ತಾಲೂಕಿನಲ್ಲಿಲ್ಲ. ಒಂದು ಗಂಟು ಸಾಕಾಗುವಲ್ಲಿ ಮೂರು ಹಾಕಿದೆ.

ಸಂಜೆಯ ಗಂಗಾವತಿ ಬಸ್ಸು ಬಂತು. ಅವಳು ಕಿಟಕಿಯ ಪಕ್ಕ ಕೂತಳು. ನಾನು ರಗ್ಗಿನ ಗಂಟನ್ನೂ ಮಾನಿಟರಿನ ಡಬ್ಬಿಯನ್ನೂ ಅವಳ ಕಾಲ ಹತ್ತಿರ ಇಟ್ಟು ಇಳಿಯುವಾಗ ಕಂಡಕ್ಟರ್ ತಡೆದ.

"ಇದಕ್ಕ ಲಗೇಜ್ ಆಕ್ಕೈತ್ರಿ ಯಜಮಾನ್ರ."

"ಯಾವ ಲೆಕ್ಕದ ಮ್ಯಾಲ?"

"ತೂಕದ ಲೆಕ್ಕ. ಎರಡು ಸಾಮಾನು ಅದಾವಲ್ರಿ."

"ಎರಡು ಎಲ್ಲಿ ಅದಾವ? ಒಂದ ವಸ್ತು ಅದು. ತಲಿ ಬ್ಯಾರೆ, ಮೈ ಬ್ಯಾರೆ ಮಾಡಿ ತೂಗ್ತೀಯೇನಪಾ?"

"ಕಾಕಾ, ನಾ ಕೊಡ್ತೀನಿ ಬಿಡು," ಎಂದಳು ಅವಳು ಕಿಟಕಿಯಿಂದ.

"ನೀ ಸುಮ್ನ ಕುಂದರು. ಮೊನ್ನೆ ಹೋದಾಗ ಮೋಟಾರ್ ಒಯ್ದೀನಿ, ಇಷ್ಟು ತಗೊಂಡಿಲ್ಲ." ಮೊನ್ನೆ ನಾನು ಯಾವ ಮೋಟಾರನ್ನೂ ಒಯ್ದಿರಲಿಲ್ಲ.

ಕಂಡಕ್ಟರ್ ಒಳ್ಳೆಯವನಿದ್ದ, ಬೇಗ ಇಳಿಯುವ ಲಕ್ಷಣ ತೋರಿಸಿದ. ನಾನು ಅವನನ್ನು ಇಳಿಯಲು ಬಿಡಲಿಲ್ಲ. ಮಡಿಲಲ್ಲಿ ಇಟ್ಟುಕೊಂಡರೆ ಹೇಗೆ, ಸೀಟಿನ ಕೆಳಗೆ ಇಟ್ಟರೆ ಹೇಗೆ, ಅರ್ಧ ಟಿಕೇಟಿನ ಮಗು ಎಂದು ತಿಳಿದರೆ ಹೇಗೆ ಎಂದು ಕೇಳುತ್ತ ಹೋದೆ. ಹಿಂದಿನ ಸೀಟಿನವರು ನಕ್ಕರು, ಆಮೇಲೆ ಗೊಣಗಿದರು. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಮಾತು ಮುಗಿಯುವವರೆಗೂ ಬಸ್ಸು ನಿಂತಿರುತ್ತದೆ. ಕಿಟಕಿಯ ಸರಳಿನ ಮೇಲೆ ಅವಳ ಕೈ ಇತ್ತು, ನಾನು ಕಂಡಕ್ಟರನ ಕಡೆ ನೋಡುತ್ತ, ಅವನು ಆಗಲೇ ಒಪ್ಪಿದ ರೇಟಿಗೆ ಇನ್ನೂ ಒಪ್ಪದೆ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟುಕೊಂಡು ನಿಂತಿದ್ದೆ.